ಹಿಲ್‌ಬ್ರೋದ ಕಾದಂಬರಿಕಾರ ಫಾಸ್ವಾನೆ ಎಂಪೆ

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನ ಹಿಲ್‌ಬ್ರೋ ಒಂದು ಕಾಲಕ್ಕೆ ಬಿಳಿಯರಿಗಷ್ಟೇ ಮೀಸಲಾಗಿದ್ದ ಬಡಾವಣೆ. ವರ್ಣಭೇದ ನೀತಿ ಸಡಿಲವಾಗುತ್ತಿದ್ದಂತೆ ಅಲ್ಲಿನ ಎತ್ತರದ ಕಟ್ಟಡಗಳಿಗೆ ಹಳ್ಳಿಗಳ ಕಪ್ಪು ಜನರು ಬಂದರು. ನೈಜೀರಿಯಾ, ಕಾಂಗೊದಂಥ ದೇಶಗಳಿಂದ ವಲಸಿಗರೂ ಬಂದರು. ಈ ಹೊಸ ನಗರದ ಕಥೆಯನ್ನು ಒಳಗಿನವನಾಗಿ ಹೇಳಿದವನು ಫಾಸ್ವಾನೆ ಎಂಪೆ.

1970ರಲ್ಲಿ ದೇಶದ ಉತ್ತರ ಭಾಗದ ಗ್ರಾಮೀಣ ಪ್ರದೇಶದಲ್ಲಿ ಹುಟ್ಟಿದ ಎಂಪೆ, ಓದಲೆಂದು ಜೋಹಾನ್ಸ್‌ಬರ್ಗ್‌ಗೆ ಬಂದ. ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕಲಿತು, ಮುಂದೆ ಅಲ್ಲಿಯೇ ಆಫ್ರಿಕನ್ ಸಾಹಿತ್ಯ ಕಲಿಸಿದ. 2001ರಲ್ಲಿ ಬಂದ 'ವೆಲ್‌ಕಮ್ ಟು ಅವರ್ ಹಿಲ್‌ಬ್ರೋ' ಅವನ ಏಕೈಕ ಕಾದಂಬರಿ. ಪುಟಗಳು ನೂರೈವತ್ತೂ ಮೀರದ ಪುಸ್ತಕ ಅದು.

ಅದರ ನಿರೂಪಣೆಯೇ ವಿಶಿಷ್ಟ. ನಾಯಕ ರೆಫೆಂಟ್ಷೆ ಈಗಾಗಲೇ ಸತ್ತಿದ್ದಾನೆ. ನಿರೂಪಕ ಅವನನ್ನೇ 'ನೀನು' ಎಂದು ಕರೆದು ಕಥೆ ಹೇಳುತ್ತಾನೆ. ಅವನ ಹಳ್ಳಿ ತಿರಗಲಾಂಗ್‌ನವರ ಪಾಲಿಗೆ ನಗರವೆಂದರೆ ಪಾಪಕೂಪ. ಏಡ್ಸ್ ತಂದವರು ಪರದೇಶಿಯರು ಎಂಬುದು ಅವರ ಗಟ್ಟಿ ನಂಬಿಕೆ. ರೆಫೆಂಟ್ಷೆಯ ಪ್ರೇಯಸಿಯ ಮೇಲೆ ಗಾಳಿಸುದ್ದಿ ಹಬ್ಬಿಸಿದವಳು ಅದೇ ಹಳ್ಳಿಯ ರೆಫಿಲ್ವೆ. ಮುಂದೆ ಆಕ್ಸ್‌ಫರ್ಡ್‌ಗೆ ಹೋಗಿ ನೈಜೀರಿಯಾದವನೊಬ್ಬನನ್ನು ಪ್ರೀತಿಸುವ ಅವಳಿಗೂ ಎಚ್ಐವಿ ಇರುವುದು ತಿಳಿಯುತ್ತದೆ. ಊರಿಗೆ ಮರಳಿದಾಗ ಜನರ ಬಾಯಿಗೆ ಆಹಾರವಾಗುವ ಸರದಿ ಅವಳದೇ. ಇನ್ನೊಬ್ಬರ ಮೇಲೆ ಹೊರಿಸಿದ ಕಳಂಕ ನಮ್ಮ ಹೊಸ್ತಿಲಿಗೂ ಬರುತ್ತದೆ ಎಂಬುದನ್ನು ಎಂಪೆ ಉಪದೇಶವಿಲ್ಲದೆ ಕಾಣಿಸುತ್ತಾನೆ.

ಆ ದಿನಗಳಲ್ಲಿ ಹಾಗೆ ಬರೆಯಲು ಧೈರ್ಯ ಬೇಕಿತ್ತು. ಎಚ್ಐವಿಯಿಂದಲೇ ಏಡ್ಸ್ ಬರುತ್ತದೆಯೇ ಎಂದು ಅಧ್ಯಕ್ಷ ಥಾಬೊ ಎಂಬೆಕಿಯೇ ಬಹಿರಂಗವಾಗಿ ಶಂಕಿಸುತ್ತಿದ್ದ ಕಾಲವದು. ಮನೆಗಳಲ್ಲಿ ಸಾವು ಸಂಭವಿಸುತ್ತಿದ್ದರೂ ರೋಗದ ಹೆಸರೆತ್ತಲು ಜನ ಅಂಜುತ್ತಿದ್ದರು.

ಕೊನೆಯ ದಿನಗಳಲ್ಲಿ ಎಂಪೆ ಸಂಶೋಧನೆಯನ್ನು ಬಿಟ್ಟು ಸಾಂಪ್ರದಾಯಿಕ ವೈದ್ಯನಾಗಲು ಹೊರಟಿದ್ದ. 2004ರ ಡಿಸೆಂಬರ್‌ನಲ್ಲಿ, 34ರ ಹರೆಯದಲ್ಲೇ ತೀರಿಕೊಂಡ. ಮುಂದಿನ ತಿಂಗಳಲ್ಲೇ ಅದೇ ಪೀಳಿಗೆಯ ಕಾದಂಬರಿಕಾರ ಕೆ. ಸೆಲೊ ಡೈಕರ್ ಕೂಡ ಇಲ್ಲವಾದ. ಎಂಪೆಯ ಕಥೆ, ಕವಿತೆಗಳ ಸಂಕಲನ 'ಬ್ರೂಡಿಂಗ್ ಕ್ಲೌಡ್ಸ್' ಬಂದದ್ದು 2008ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಜೋಹಾನ್ಸ್‌ಬರ್ಗ್‌ನ ಅಲೆಕ್ಸಾಂಡ್ರಾದಲ್ಲಿ ವಲಸಿಗರ ಮೇಲೆ ಶುರುವಾದ ದಾಳಿ ದೇಶವಿಡೀ ಹಬ್ಬಿ, 60ಕ್ಕೂ ಹೆಚ್ಚು ಜನ ಸತ್ತರು. ಎಂಪೆ ಏಳು ವರ್ಷ ಮೊದಲೇ ಗುರುತಿಸಿದ್ದ ದ್ವೇಷವದು.

ಆಫ್ರಿಕಾದ ಲೇಖಕರಾದ ಅಚಿಬೆ, ಗೂಗಿಯರನ್ನು ಬಲ್ಲ ಕನ್ನಡದ ಓದುಗರು ಎಂಪೆಯನ್ನೂ ಓದಬೇಕು. ಸ್ವಾತಂತ್ರ್ಯ ಪಡೆದ ಜನ ತಮಗಿಂತ ದುರ್ಬಲರನ್ನು ಹೇಗೆ ಕಾಣುತ್ತಾರೆ ಎಂಬ ಅವನ ಪ್ರಶ್ನೆ ನಮ್ಮದೂ ಹೌದು.