ತಾಗಿದ್ದೆಲ್ಲ ಫೌಲ್ ಅಲ್ಲ

1994ರ ಮೇ 18. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್ ಸರಣಿಯ ಐದನೇ ಪಂದ್ಯ. ಷಿಕಾಗೊ ಬುಲ್ಸ್ ತಾರೆ ಮೈಕೆಲ್ ಜೋರ್ಡಾನ್ ಆ ವರ್ಷ ಬ್ಯಾಸ್ಕೆಟ್‌ಬಾಲ್ ಬಿಟ್ಟು ಬೇಸ್‌ಬಾಲ್ ಆಡಲು ಹೋಗಿದ್ದರು. ಆದರೂ ಬುಲ್ಸ್ 86–85ರಿಂದ ಮುಂದಿತ್ತು. ಕೊನೆಯ ಕ್ಷಣಗಳಲ್ಲಿ ನಿಕ್ಸ್ ತಂಡದ ಹ್ಯೂಬರ್ಟ್ ಡೇವಿಸ್ ದೂರದಿಂದ ಚೆಂಡೆಸೆದರು. ಬುಲ್ಸ್‌ನ ಸ್ಕಾಟಿ ಪಿಪ್ಪೆನ್ ಓಡಿಬಂದು ಕೈ ಚಾಚಿ ಹಾರಿದರು. ಚೆಂಡು ಡೇವಿಸ್ ಕೈಬಿಟ್ಟಾಗಿತ್ತು, ಆಮೇಲೆ ಕೈಗೆ ಕೈ ತಾಗಿತು. ಎಸೆತ ಗುರಿ ತಪ್ಪಿತು. ಅಷ್ಟರಲ್ಲಿ ರೆಫರಿ ಹ್ಯೂ ಹಾಲಿನ್ಸ್ ಸೀಟಿ ಊದಿದ್ದರು. ಗಡಿಯಾರದಲ್ಲಿ ಉಳಿದಿದ್ದು 2.1 ಸೆಕೆಂಡು. ಡೇವಿಸ್ ಎರಡೂ ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕಿದರು. ನಿಕ್ಸ್ 87, ಬುಲ್ಸ್ 86. ಮುಂದೆ ಸರಣಿಯೂ ಬುಲ್ಸ್ ಕೈತಪ್ಪಿತು.

ಕೈ ತಾಗಿತ್ತೇ? ತಾಗಿತ್ತು. ಅದರ ಬಗ್ಗೆ ತಕರಾರಿಲ್ಲ. ಅದರಿಂದ ಡೇವಿಸ್ ಕಳೆದುಕೊಂಡಿದ್ದೇನು ಎಂಬುದು ಪ್ರಶ್ನೆ. ಅದೇ ಪಂದ್ಯದ ರೆಫರಿಗಳಲ್ಲೊಬ್ಬರಾಗಿದ್ದ, ಲೀಗ್‌ನ ರೆಫರಿಗಳ ಮುಖ್ಯಸ್ಥರೂ ಆಗಿದ್ದ ಡ್ಯಾರೆಲ್ ಗ್ಯಾರೆಟ್‌ಸನ್ ಕೆಲ ತಿಂಗಳ ನಂತರ ಅದು ಕೆಟ್ಟ ತೀರ್ಪೆಂದು ಪತ್ರಿಕೆಯವರ ಮುಂದೆ ಒಪ್ಪಿಕೊಂಡರು.

ಬ್ಯಾಸ್ಕೆಟ್‌ಬಾಲ್ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬರೆದ 13 ನಿಯಮಗಳಲ್ಲಿ ಐದನೆಯದು ಭುಜದಿಂದ ಗುದ್ದುವುದು, ಹಿಡಿಯುವುದು, ತಳ್ಳುವುದು, ಕಾಲು ಕೊಟ್ಟು ಬೀಳಿಸುವುದು, ಹೊಡೆಯುವುದು ಎಲ್ಲಕ್ಕೂ ತಡೆ ಹಾಕಿತ್ತು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದಲ್ಲಿ ಹತ್ತು ಜನ ದಾಂಡಿಗರು ಒಂದೇ ಚೆಂಡಿಗಾಗಿ ಓಡುವಾಗ ಮೈಗೆ ಮೈ ತಾಗದಿರಲು ಹೇಗೆ ಸಾಧ್ಯ? ತಾಗಿದಾಗಲೆಲ್ಲ ಸೀಟಿ ಊದಿದರೆ ಆಟವೇ ಉಳಿಯದು. ಪ್ರೇಕ್ಷಕರು ಸಂಜೆಯಿಡೀ ಫ್ರೀ ಥ್ರೋ ನೋಡಿಕೊಂಡು ಮನೆಗೆ ಹೋಗಬೇಕಾದೀತು. ಅಮೆರಿಕದ ನಿಯಮ ಪುಸ್ತಕವನ್ನು ದಶಕಗಳ ಕಾಲ ಸಂಪಾದಿಸಿದ ಓಸ್ವಾಲ್ಡ್ ಟವರ್ ಹೆಸರಿನಲ್ಲಿ ರೆಫರಿಗಳ ನಡುವೆ ಒಂದು ವಿಚಾರ ಇಂದಿಗೂ ಚಾಲ್ತಿಯಲ್ಲಿದೆ: ನಿಯಮ ಮೀರಿ ಎದುರಾಳಿಗೆ ತೊಡಕು ತಂದವನಿಗೆ ದಂಡ, ಯಾರಿಗೂ ಲಾಭನಷ್ಟವಾಗದ ತಾಗುವಿಕೆಯನ್ನು ಬಿಟ್ಟುಬಿಡಿ. ನಮ್ಮಲ್ಲಿ ಆಡುವ, ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮಗಳೂ ಇದನ್ನೇ ಹೇಳುತ್ತವೆ.

ಹೇಳುವುದು ಸುಲಭ. ಡ್ರಿಬಲ್ ಮಾಡುತ್ತಿರುವವನ ಸೊಂಟಕ್ಕೆ ಡಿಫೆಂಡರ್‌ನ ಕೈ ಸೋಕಿದಾಗ ಲಾಭ ಯಾರಿಗೆ ಎಂದು ಅರ್ಧ ಸೆಕೆಂಡಿನಲ್ಲಿ ಅಳೆಯುವುದು ಹೇಗೆ? ಎನ್‌ಬಿಎ ರೆಫರಿಗಳು ಲಯ, ವೇಗ, ಸಮತೋಲ, ಚುರುಕು ಈ ನಾಲ್ಕನ್ನು ಗಮನಿಸುತ್ತಾರೆ. ಕೈ ಸೋಕಿಯೂ ಅವನು ಅದೇ ಓಟದಲ್ಲಿ ದಾಟಿಹೋದರೆ ಸೀಟಿ ಬಾಯಲ್ಲೇ ಉಳಿಯುತ್ತದೆ. ಒಂದು ಹೆಜ್ಜೆ ತಡವರಿಸಿದರೂ ಫೌಲ್.

ಇನ್ನೂ ಕಠಿಣವಾದದ್ದು ಬ್ಲಾಕೋ ಚಾರ್ಜೋ ಎಂಬ ತೀರ್ಮಾನ. ಚೆಂಡು ಹಿಡಿದವನು ಬುಟ್ಟಿಯತ್ತ ನುಗ್ಗುತ್ತಾನೆ, ಡಿಫೆಂಡರ್ ಅಡ್ಡ ಬರುತ್ತಾನೆ, ಇಬ್ಬರೂ ದಡ್ಡನೆ ನೆಲಕ್ಕೆ. ತಪ್ಪು ಡಿಫೆಂಡರ್‌ನದಾದರೆ ಬ್ಲಾಕ್, ನುಗ್ಗಿದವನದಾದರೆ ಚಾರ್ಜ್. ಗ್ಯಾಲರಿಯಲ್ಲಿ ಕೂತವರ ವಾದ ಯಾವಾಗಲೂ ಒಂದೇ: ‘ಅವನು ನಿಂತಿರಲಿಲ್ಲ, ಕಾಲು ಅಲುಗಿತ್ತು!’ ಅಲುಗಲಿ. ಎರಡೂ ಪಾದ ನೆಲಕ್ಕೂರಿ ಎದುರಾಳಿಗೆ ಮುಖ ಮಾಡಿ ಒಮ್ಮೆ ಜಾಗ ಹಿಡಿದ ಮೇಲೆ ಡಿಫೆಂಡರ್ ಪಕ್ಕಕ್ಕೆ ಸರಿಯಬಹುದು, ಹಿಂದಕ್ಕೂ ಹೋಗಬಹುದು. ಚೆಂಡು ಕೈಯಲ್ಲಿರುವವನ ಎದುರು ಎಷ್ಟು ಹತ್ತಿರ ನಿಂತರೂ ತಪ್ಪಿಲ್ಲ. ಚೆಂಡಿಲ್ಲದವನಿಗೆ ಮಾತ್ರ ನಿಲ್ಲಲು, ದಿಕ್ಕು ಬದಲಿಸಲು ಒಂದೆರಡು ಹೆಜ್ಜೆಯಷ್ಟು ಎಡೆ ಕೊಡಬೇಕು. ಡಿಕ್ಕಿ ಎದೆಗೇ ಬಡಿದಿದ್ದರೆ ತಪ್ಪು ಬಹುತೇಕ ನುಗ್ಗಿದವನದು. ಆದರೆ ನುಗ್ಗಿದವನು ನೆಲ ಬಿಟ್ಟು ಹಾರಿದ ಮೇಲೆ ಅವನ ದಾರಿಗೆ ಬರುವಂತಿಲ್ಲ. ಬುಟ್ಟಿಯ ಕೆಳಗೆ ಎಳೆದಿರುವ 1.25 ಮೀಟರ್ ತ್ರಿಜ್ಯದ ಅರ್ಧವೃತ್ತದೊಳಗೆ ನಿಂತು, ಹಾರಿಬಂದವನಿಂದ ಚಾರ್ಜ್ ಗಿಟ್ಟಿಸುವುದಕ್ಕೂ ಅವಕಾಶವಿಲ್ಲ.

ಇಷ್ಟೆಲ್ಲ ಕಾಣಬೇಕಾದರೆ ರೆಫರಿಯ ಕಣ್ಣು ಚೆಂಡಿನ ಮೇಲಿರಬಾರದು. ನಾವು ನೋಡುವುದು ಚೆಂಡನ್ನು. ಅವರು ನೋಡಬೇಕಾದದ್ದು ಡಿಫೆಂಡರ್‌ನನ್ನು, ಅದೂ ಡಿಕ್ಕಿಗೆ ಮೊದಲು. ಪಾದ ಯಾವಾಗ ಊರಿತು, ಮೈ ಯಾವ ಕಡೆ ವಾಲಿತ್ತು ಎಂಬುದನ್ನು ಕಂಡವರಿಗೇ ಡಿಕ್ಕಿಯ ಅರ್ಥ ಗೊತ್ತಾಗುತ್ತದೆ. ಟಿವಿ ಮುಂದೆ ಕೂತು ರೆಫರಿಯನ್ನು ಬೈಯುವ ನಮ್ಮಲ್ಲಿ ಹೆಚ್ಚಿನವರು ಡಿಕ್ಕಿಯ ಸದ್ದಿನ ನಂತರವೇ ಅತ್ತ ನೋಡಿರುತ್ತೇವೆ. ಆ ಸದ್ದು ದಾರಿ ತಪ್ಪಿಸುವುದೂ ಉಂಟು: ಇಂಡಿಯಾನಾ ಪೇಸರ್ಸ್‌ನ ಏಳಡಿ ಎರಡಿಂಚಿನ ರಾಯ್ ಹಿಬ್ಬರ್ಟ್ 2012–13ರ ಋತುವಿನಲ್ಲಿ ಕೈಗಳನ್ನು ನೇರ ಮೇಲಕ್ಕೆತ್ತಿ, ನಿಂತಲ್ಲೇ ಹಾರಿ ಹೆಸರು ಮಾಡಿದರು. ನೋಡಲು ಒರಟು ಡಿಕ್ಕಿ, ಆದರೂ ಫೌಲ್ ಅಲ್ಲ. ತನ್ನ ನೆಲದ ನೇರಕ್ಕಿರುವ ಗಾಳಿಯೂ ಆಟಗಾರನದೇ.

ಲಾಭನಷ್ಟದ ಈ ತತ್ವ ಮೈಗಳ್ಳತನಕ್ಕೂ ನೆಪವಾಗಬಲ್ಲದು. ‘ಕೊನೆಯ ನಿಮಿಷದಲ್ಲಿ ಸೀಟಿ ಬೇಡ, ಆಟಗಾರರೇ ತೀರ್ಮಾನಿಸಲಿ’ ಎಂಬ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಊದದಿರುವುದೂ ಒಂದು ತೀರ್ಪೇ. 1998ರ ಜೂನ್ 14ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಫೈನಲ್ಸ್‌ನ ಆರನೇ ಪಂದ್ಯ. ಬುಲ್ಸ್‌ಗೆ ಮರಳಿದ್ದ ಜೋರ್ಡಾನ್ ಬಲಕ್ಕೆ ನುಗ್ಗಿ ತಟ್ಟನೆ ನಿಂತರು. ಅವರ ಎಡಗೈ ಯೂಟಾದ ಬ್ರಯಾನ್ ರಸೆಲ್ ಸೊಂಟದ ಮೇಲಿತ್ತು. ರಸೆಲ್ ಜಾರಿದರು, ಚೆಂಡು ಬುಟ್ಟಿಗೆ ಬಿತ್ತು, ಉಳಿದಿದ್ದು 5.2 ಸೆಕೆಂಡು. ಬುಲ್ಸ್ 87, ಯೂಟಾ 86. ಆ ದಿನದ ಮೂವರು ರೆಫರಿಗಳಲ್ಲಿ ಹಾಲಿನ್ಸ್ ಕೂಡ ಒಬ್ಬರು. ಸೀಟಿ ಬರಲಿಲ್ಲ. ತಾನು ತಳ್ಳಲೇ ಇಲ್ಲ, ರಸೆಲ್ ಆಗಲೇ ಆ ಕಡೆ ವಾಲಿದ್ದರು ಎನ್ನುತ್ತಾರೆ ಜೋರ್ಡಾನ್. ದೃಶ್ಯವನ್ನು ನಿಧಾನಗತಿಯಲ್ಲಿ ನೋಡಿದರೆ ನನಗೂ ಹಾಗೇ ಕಾಣುತ್ತದೆ. ಯೂಟಾದವರ ಕಣ್ಣಿಗೆ ಕೈ ಮಾತ್ರ ಕಾಣುತ್ತದೆ.

2015ರ ಮಾರ್ಚ್‌ನಿಂದ ಎನ್‌ಬಿಎ, ಪೈಪೋಟಿಯ ಪಂದ್ಯಗಳ ಕೊನೆಯ ಎರಡು ನಿಮಿಷಗಳಲ್ಲಿ ಊದಿದ ಸೀಟಿಗಳ ಜತೆ ಊದಬೇಕಿದ್ದು ಊದದೆ ಬಿಟ್ಟವನ್ನೂ ಮರುದಿನ ಪ್ರಕಟಿಸುತ್ತಿದೆ. ಫಲಿತಾಂಶವೇನೂ ಬದಲಾಗದು. ಇತ್ತ ಆಟಗಾರರೂ ಸುಮ್ಮನೆ ಕೂತಿಲ್ಲ. ತಾಗಿದರೆ ಫ್ರೀ ಥ್ರೋ ಎಂದಾದ ಮೇಲೆ ತಾವೇ ಹೋಗಿ ತಾಗಿಸಿಕೊಳ್ಳುವುದು ಕಲೆಯಾಯಿತು: ಎಸೆಯುವ ನೆಪದಲ್ಲಿ ಪಕ್ಕಕ್ಕೆ ವಾಲಿ ಡಿಫೆಂಡರ್ ಮೇಲೆ ಬೀಳುವುದು, ಓಡುತ್ತ ಓಡುತ್ತ ಗಕ್ಕನೆ ನಿಂತು ಹಿಂದಿನವನಿಂದ ಗುದ್ದಿಸಿಕೊಳ್ಳುವುದು. 2021–22ರ ಋತುವಿನಿಂದ ಇಂಥ ಚೇಷ್ಟೆಗಳಿಗೆ ಫ್ರೀ ಥ್ರೋ ನಿಂತಿತು, ಒಮ್ಮೊಮ್ಮೆ ಎಸೆದವನ ಮೇಲೆಯೇ ಫೌಲ್ ಬೀಳತೊಡಗಿತು. ಎರಡು ವರ್ಷಗಳ ನಂತರ, ತಾಗದೆಯೇ ಬಿದ್ದು ನಾಟಕವಾಡುವವನಿಗೆ ಪಂದ್ಯದ ನಡುವೆಯೇ ಟೆಕ್ನಿಕಲ್ ಫೌಲ್ ಹಾಕುವ ನಿಯಮವೂ ಬಂತು. ಹಾಗಾಗಿ ರೆಫರಿಗೆ ಈಗ ಡಿಫೆಂಡರ್‌ನ ಪಾದಗಳ ಜತೆಗೆ ಎಸೆಯುವವನ ಮೊಣಕೈಯ ಮೇಲೂ ಒಂದು ಕಣ್ಣು.