ಮನೆಯ ಗೋಡೆಯೂ ಮೂರು ಆಡಳಿತಗಳೂ

ಹುಬ್ಬಳ್ಳಿಯಿಂದ ಧಾರವಾಡದ ಕಡೆಗೆ ಸಾಗುವಾಗ ದಾರಿಯಲ್ಲಿ ಸಿಗುವ ಊರು ಉಣಕಲ್. ವಿಶಾಲವಾದ ಕೆರೆಯಿಂದಲೂ ಚಂದ್ರಮೌಳೇಶ್ವರ ದೇವಾಲಯದಿಂದಲೂ ಅದು ಹೆಸರಾಗಿದೆ. ಚಾಲುಕ್ಯ ಶೈಲಿಯ ಈ ಗುಡಿಗೆ ನಾಲ್ಕು ದಿಕ್ಕುಗಳಿಗೂ ಬಾಗಿಲುಗಳಿವೆ. ಆದರೆ ಊರು ಬೆಳೆದಂತೆಲ್ಲ ಮನೆಗಳು ಗುಡಿಯ ಸುತ್ತ ಒತ್ತೊತ್ತಾಗಿ ನಿಂತಿವೆ. ಶಿಲ್ಪವನ್ನು ನೋಡಬಂದವರು ಇಕ್ಕಟ್ಟಾದ ಓಣಿಗಳನ್ನು ಹಾದು ಹೋಗಬೇಕಾಗುತ್ತದೆ.

ಆ ಓಣಿಯಲ್ಲಿ ಒಬ್ಬ ಗೃಹಸ್ಥನಿದ್ದಾನೆಂದು ಭಾವಿಸೋಣ. ಅಜ್ಜ ಕಟ್ಟಿಸಿದ ಮನೆಯ ಗೋಡೆ ಮಳೆಗೆ ಕುಸಿದಿದೆ. ಮಗನ ಮದುವೆಯಾಗಿದೆ, ಮೇಲೊಂದು ಕೋಣೆ ಬೇಕಾಗಿದೆ. ನೆಲ ಅವನದು, ಹಣ ಅವನದು. ಅಂದಮೇಲೆ ಕಟ್ಟಲು ಅಡ್ಡಿಯೇನು?

ಅಡ್ಡಿ ಒಂದಲ್ಲ, ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಮಹಾನಗರಪಾಲಿಕೆ. ಹುಬ್ಬಳ್ಳಿ ಧಾರವಾಡಗಳನ್ನು ಕೂಡಿಸಿ 1962ರಲ್ಲಿ ರಚಿಸಿದ ಈ ಸಂಸ್ಥೆಯಲ್ಲಿ ಜನರು ಆರಿಸಿದ ಸದಸ್ಯರಿರುತ್ತಾರೆ. ಮನೆ ಕಟ್ಟಲು ಪರವಾನಗಿ ಕೊಡುವುದು ಪಾಲಿಕೆಯ ಕೆಲಸ. ಎರಡನೆಯದು ನಗರಾಭಿವೃದ್ಧಿ ಪ್ರಾಧಿಕಾರ. ಎಲ್ಲಿ ವಸತಿ, ಎಲ್ಲಿ ವ್ಯಾಪಾರ, ಎಲ್ಲಿ ಉದ್ಯಾನ ಎಂಬುದನ್ನು ಗೊತ್ತುಮಾಡುವ ಮಹಾಯೋಜನೆಯನ್ನು ಅದು ಸಿದ್ಧಪಡಿಸುತ್ತದೆ. ಅದರ ಅಧ್ಯಕ್ಷರನ್ನು ನೇಮಿಸುವುದೂ ಯೋಜನೆಗೆ ಕೊನೆಯ ಒಪ್ಪಿಗೆ ನೀಡುವುದೂ ರಾಜ್ಯ ಸರ್ಕಾರ. ಮೂರನೆಯದು ಕೇಂದ್ರದ ಕಾನೂನು. ರಾಷ್ಟ್ರೀಯ ಮಹತ್ವದ ಸ್ಮಾರಕಗಳು ನಮ್ಮ ಸಂವಿಧಾನದ ಕೇಂದ್ರ ಪಟ್ಟಿಗೆ ಸೇರಿವೆ. ಉಣಕಲ್ಲಿನ ದೇವಾಲಯವೂ ಅವುಗಳಲ್ಲೊಂದು. 1958ರ ಸ್ಮಾರಕ ಕಾಯಿದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ಕನಿಷ್ಠ 100 ಮೀಟರಿನವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆ ಮತ್ತೆ 200 ಮೀಟರಿನವರೆಗೆ ಅನುಮತಿ ಪಡೆದೇ ಕಟ್ಟಬೇಕು. ನಿಷೇಧಿತ ವಲಯದ ಹಳೆಯ ಮನೆಯನ್ನು ದುರಸ್ತಿ ಮಾಡಲು ಅನುಮತಿ ಕೇಳಬಹುದು; ಆದರೆ ಮಹಡಿ ಏರಿಸುವುದನ್ನು ಕಾನೂನು ಹೊಸ ನಿರ್ಮಾಣವೆಂದೇ ಎಣಿಸುತ್ತದೆ. ಹೀಗಾಗಿ ನಮ್ಮ ಗೃಹಸ್ಥನ ಗೋಡೆಗೆ ದಾರಿಯುಂಟು, ಮೇಲಿನ ಕೋಣೆಗಿಲ್ಲ. ಪಾಲಿಕೆ ಒಪ್ಪಿದರೂ ಈ ನಿಷೇಧವನ್ನು ಅದು ಸಡಿಲಿಸಲಾರದು.

ಇದು ಅನ್ಯಾಯವಲ್ಲವೇ ಎಂದು ಕೇಳಬಹುದು. ಒಡೆದ ಶಿಲ್ಪವನ್ನು ಮರಳಿ ಪಡೆಯಲಾಗದು. ಪ್ರತಿಯೊಂದು ಮನೆಯ ಅಗತ್ಯವೂ ನಿಜವೇ. ಆದರೆ ಎಲ್ಲ ಮನೆಗಳೂ ಒಂದೊಂದು ಗೇಣು ಮುಂದೆ ಬಂದರೆ ಗುಡಿಯೇ ಮರೆಯಾಗುತ್ತದೆ. ನೆರೆಹೊರೆಯ ದಾಕ್ಷಿಣ್ಯಕ್ಕೆ ಸಿಲುಕದ ದೂರದ ಕಣ್ಣೊಂದು ಕಾವಲಿಗೆ ಬೇಕೆಂಬ ವಾದದಲ್ಲಿ ತಿರುಳಿದೆ.

ಆದರೆ ದೂರದ ಕಣ್ಣಿಗೆ ಓಣಿಯ ಚರಂಡಿ ಕಾಣುವುದಿಲ್ಲ. ಸೋರುವ ಮಾಳಿಗೆಯ ಕೆಳಗೆ ಮಲಗುವವರ ಕಷ್ಟವೂ ತಿಳಿಯುವುದಿಲ್ಲ. ಸ್ಮಾರಕವು ಇಡೀ ದೇಶದ ಹೆಮ್ಮೆಯಾದರೂ ಅದರ ಭಾರವನ್ನು ಹೊರುವವರು ಸುತ್ತಲಿನ ಕೆಲವೇ ಕುಟುಂಬಗಳು. ಊರಿನ ವಿಷಯವನ್ನು ಊರಿನವರೇ ನಿರ್ಧರಿಸಬೇಕೆಂಬ ಆಶಯದಿಂದಲೇ ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಿತು. ನಗರಸಭೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿಯಲ್ಲಿ ನಗರ ಯೋಜನೆಗೇ ಮೊದಲ ಸ್ಥಾನ. ಆದರೆ ಅಧಿಕಾರವನ್ನು ಎಷ್ಟು ವಹಿಸಬೇಕೆಂಬುದನ್ನು ರಾಜ್ಯದ ಶಾಸನಸಭೆಗೇ ಬಿಡಲಾಗಿದೆ. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿದುಕೊಳ್ಳಬಾರದೆಂದು ಸಂವಿಧಾನದ 300ಎ ವಿಧಿಯೂ ಹೇಳುತ್ತದೆ.

ಹಾಗಾದರೆ ಹಿರಿದು ಯಾವುದು, ಗುಡಿಯೋ ಮನೆಯೋ? ಪ್ರಶ್ನೆಯನ್ನು ಹೀಗೆ ಕೇಳುವುದೇ ತಪ್ಪು. ದೇಶಕ್ಕೆಲ್ಲ ಸೇರಿದ್ದನ್ನು ಕಾಯುವ ನಿಯಮ ಮೇಲಿನಿಂದ ಬರಲಿ. ಆದರೆ ಆ ನಿಯಮದ ಬಿಸಿ ತಟ್ಟುವವರ ಮಾತನ್ನು ಮೊದಲು ಕೇಳಲಿ. ಪ್ರತಿ ಸ್ಮಾರಕಕ್ಕೂ ಅದರ ಸುತ್ತಲ ಪರಿಸರಕ್ಕೆ ತಕ್ಕ ಉಪವಿಧಿಗಳನ್ನು ರಚಿಸಬೇಕೆಂದು 2010ರ ತಿದ್ದುಪಡಿಯೇ ಹೇಳಿದೆ. ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸುವ ಹಕ್ಕು ಪ್ರಜೆಗಳಿಗುಂಟು. ಬಳಸದ ಹಕ್ಕು ತುಕ್ಕು ಹಿಡಿದ ಕೀಲಿಯಂತೆ. ಬೇಕಾದಾಗ ಬಾಗಿಲು ತೆರೆಯದು.

ವಿದ್ಯಾರ್ಥಿಗಳೇ, ನಿಮ್ಮ ಊರಿನಲ್ಲಿಯೂ ಒಂದು ಕೆರೆಯೋ ಕೋಟೆಯೋ ಗುಡಿಯೋ ಇದ್ದೀತು. ಅದರ ಸುತ್ತಲಿನ ನಿಯಮಗಳನ್ನು ಮಾಡಿದವರಾರು, ಅವುಗಳಿಂದ ಕಷ್ಟಪಡುವವರಾರು ಎಂದು ವಿಚಾರಿಸಿ ನೋಡಿರಿ. ಪೌರಧರ್ಮದ ಮೊದಲ ಪಾಠ ಅಲ್ಲಿಯೇ ಇದೆ.