ಕುಂದಗೋಳಕ್ಕೆ ಹೋದರೆ ಬೇರೆ ರಾಜ್ಯ!

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಹಾವೇರಿ ಕಡೆ ಹೊರಟವರು ಒಂದು ಕಾಲಕ್ಕೆ ಎಲೆ ಅಡಿಕೆ ಮೆದ್ದು ಮುಗಿಸುವುದರೊಳಗೆ ಇನ್ನೊಬ್ಬ ಅರಸನ ಸೀಮೆಯಲ್ಲಿರುತ್ತಿದ್ದರು! 1947ಕ್ಕೆ ಮುಂಚಿನ ನಕಾಶೆಯೊಂದನ್ನು ಬಿಡಿಸಿ ನೋಡಿ. ಹುಬ್ಬಳ್ಳಿ, ಧಾರವಾಡ ಮುಂಬೈ ಪ್ರಾಂತದವು. ಆಚೆಗಿನ ಕುಂದಗೋಳ ಜಮಖಂಡಿಯ ಪಟವರ್ಧನರದು. ಜಮಖಂಡಿ ಎಲ್ಲಿ, ಕುಂದಗೋಳ ಎಲ್ಲಿ! ನಡುವೆ ಮಲಪ್ರಭೆಯೂ ಘಟಪ್ರಭೆಯೂ ಹರಿಯುತ್ತವೆ. ಇನ್ನಷ್ಟು ಮುಂದೆ ಗುಡಗೇರಿ, ಅದು ಕಿರಿಯ ಮಿರಜ ಸಂಸ್ಥಾನ. ಅಲ್ಲೇ ಮಗ್ಗುಲಿನ ಲಕ್ಷ್ಮೇಶ್ವರ ಹಿರಿಯ ಮಿರಜದ್ದು. ಶಿರಹಟ್ಟಿ ಸಾಂಗಲಿಯದು. ಸವಣೂರಿಗೋ ತನ್ನದೇ ನವಾಬ. 1936ರಲ್ಲಿ ಗದಗಿನ ಹುಡುಗ ಭೀಮಸೇನ ಜೋಶಿ ಸವಾಯಿ ಗಂಧರ್ವರ ಹತ್ತಿರ ಹಾಡು ಕಲಿಯಲು ಕುಂದಗೋಳಕ್ಕೆ ಬಂದನಲ್ಲ, ಲೆಕ್ಕಕ್ಕೆ ಹಿಡಿದರೆ ಅವನು ಪರರಾಜ್ಯಕ್ಕೆ ಹೋಗಿದ್ದ!

ಈ ಕೌದಿಯಂಥ ನಕಾಶೆ ನೋಡುತ್ತ ಕೂತಾಗ, ಒಮ್ಮೆ ಹೀಗೇ ತುಂಡುತುಂಡಾಗಲು ಹೊರಟಿದ್ದ ಸ್ಪೇನ್ ನೆನಪಾಗದೆ ಇರದು. 1873ರ ಫೆಬ್ರುವರಿ 11ರಂದು ಅರಸ ಅಮದೇಯೊ ಸಿಂಹಾಸನ ಬಿಟ್ಟಿಳಿದ, ಅಂದೇ ಅಲ್ಲಿ ಗಣರಾಜ್ಯ ಘೋಷಣೆಯಾಯಿತು. ಹನ್ನೊಂದು ತಿಂಗಳು ತುಂಬುವುದರೊಳಗೆ ನಾಲ್ವರು ಅಧ್ಯಕ್ಷರು! ಎರಡನೆಯವ ಬಾರ್ಸಿಲೋನಾದ ಪಿ ಇ ಮಾರ್ಗಲ್. ಒಕ್ಕೂಟ ಕೆಳಗಿನಿಂದ, ಊರೂರಿನ ಒಪ್ಪಂದದಿಂದ ಏಳಬೇಕು ಎಂದವನು. ಕ್ಯೂಬಾ, ಪೋರ್ಟೊರಿಕೊ ಸೇರಿ 17 ರಾಜ್ಯಗಳ ಒಕ್ಕೂಟಕ್ಕೆ ಕರಡು ಸಂವಿಧಾನವೂ ತಯಾರಾಯಿತು. ಆದರೆ ಊರುಗಳಿಗೆ ಕಾಯುವ ವ್ಯವಧಾನ ಎಲ್ಲಿ? ಕಾರ್ಟಹೇನಾ ಬಂದರು ತಾನೇ ಸ್ವತಂತ್ರ ಎಂದು ಸಾರಿಕೊಂಡು 1874ರ ಜನವರಿಯವರೆಗೆ ಸೈನ್ಯಕ್ಕೆ ಎದುರು ನಿಂತಿತು. ಅಲ್ಲಿ ಗೆರೆ ಎಳೆದವರು ಜನ.

ನಮ್ಮಲ್ಲಿ ಪೂರಾ ತಿರುವು ಮುರುವು. ಒಕ್ಕೂಟ ಕಟ್ಟಲು ಹೊರಟವರು ರಾಜರು! ಹೌದ್ರೀ, 1947ರಲ್ಲಿ ಸಾಂಗಲಿ, ಎರಡೂ ಮಿರಜ, ರಾಮದುರ್ಗ, ಔಂಧ ಮೊದಲಾದ ಸಂಸ್ಥಾನಿಕರು ಕೂಡಿ ಸಂಯುಕ್ತ ದಖ್ಖನ್ ರಾಜ್ಯವೆಂಬುದಕ್ಕೆ ಒಪ್ಪಂದ ಮಾಡಿಕೊಂಡರು. ಅಂದರೆ ನಮ್ಮ ಲಕ್ಷ್ಮೇಶ್ವರ, ಗುಡಗೇರಿ, ಶಿರಹಟ್ಟಿಗಳು ಕೆಲವು ತಿಂಗಳು ಕಾಗದದ ಮೇಲಾದರೂ ರಾಜರ ಒಕ್ಕೂಟವೊಂದರ ಪಾಲಿಗೆ ಬಂದಿದ್ದವು! ಶಾಲೆಯಲ್ಲಿ ಇದನ್ನು ಯಾರಾದರೂ ಹೇಳಿಕೊಟ್ಟರೇ? ಪ್ರಜೆಗಳಿಗಂತೂ ಅದು ಬೇಕಿರಲಿಲ್ಲ. 1948ರ ಮಾರ್ಚ್ 8ಕ್ಕೆ ಆ ಸಂಸ್ಥಾನಗಳೆಲ್ಲ ಮುಂಬೈ ಪ್ರಾಂತದಲ್ಲಿ ಕರಗಿದವು. ಕುಂದಗೋಳವೂ ಹುಬ್ಬಳ್ಳಿಯೂ ಕೊನೆಗೂ ಒಂದೇ ಆಡಳಿತಕ್ಕೆ ಬಂದವು.

ಜನರ ಕಣ್ಣು ಇದಕ್ಕಿಂತ ದೊಡ್ಡ ನಕಾಶೆಯ ಮೇಲಿತ್ತು, ಅದೂ ಎಷ್ಟು ಹಿಂದಿನಿಂದ! 1890ರಲ್ಲಿ ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. 1917ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಗೆ ತಕ್ಕಂತೆ ಪ್ರಾಂತ ಸಮಿತಿಗಳನ್ನು ಮಾಡಲು ಒಪ್ಪಿತು. ಇಲ್ಲೊಂದು ಕ್ಷಣ ನಿಲ್ಲಿ! ಇಂಗ್ಲಿಷರ ನಕಾಶೆಯಲ್ಲಿ ಎಲ್ಲೂ ಇಲ್ಲದ ಕರ್ನಾಟಕ ಪ್ರಾಂತ, ಪಕ್ಷದ ನಕಾಶೆಯಲ್ಲಿ ಮೂಡಿಬಿಟ್ಟಿತು. ಸರಕಾರ ಅದನ್ನು ಒಪ್ಪಿಕೊಳ್ಳಲು ಇನ್ನೂ 36 ವರ್ಷ ಹಿಡಿಯಿತು. 1924ರಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿನಲ್ಲೇ ನಡೆದ ಮೊದಲ ಕರ್ನಾಟಕ ಏಕೀಕರಣ ಪರಿಷತ್ತಿಗೆ ಅಧ್ಯಕ್ಷರು ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು.

ಸ್ವಾತಂತ್ರ್ಯ ಬಂದ ಮೇಲೂ ಹಳೆಯ ಗೆರೆ ಅಳಿಯಲೊಲ್ಲದು. 1952ರ ಡಿಸೆಂಬರಿನಲ್ಲಿ ಆಂಧ್ರಕ್ಕಾಗಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲೇ ಪ್ರಾಣಬಿಟ್ಟರು. ಮುಂದಿನ ಮಾರ್ಚಿನಲ್ಲಿ ಹುಬ್ಬಳ್ಳಿ ಮಗ್ಗುಲಿನ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಅನ್ನ ಬಿಟ್ಟು ಕೂತರು. ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಪ್ರಾಂತ ಕಾಂಗ್ರೆಸ್ಸಿನ ಸಭೆ ಸೇರಿದಾಗ ಸಹಸ್ರಾರು ಜನ ಅದನ್ನು ಮುತ್ತಿದರು. ಯಾವ ಕಾಂಗ್ರೆಸ್ಸು 1920ರಲ್ಲಿ ಕರ್ನಾಟಕದ ನಕಾಶೆ ಬರೆದಿತ್ತೋ ಅದರ ಬಾಗಿಲಲ್ಲೇ ಜನ ಬಾಕಿ ವಸೂಲಿಗೆ ನಿಂತಿದ್ದರು! ಕಾರ್ಟಹೇನಾದವರಂತೆ ಇವರು ‘ನಮ್ಮೂರು ನಮಗೆ’ ಅನ್ನಲಿಲ್ಲ. ಬಳ್ಳಾರಿ, ಬೀದರ, ಮಂಗಳೂರು, ಮೈಸೂರು, ಕೊಡಗು, ಎಲ್ಲವೂ ತಮ್ಮ ಜೊತೆಗೆ ಬೇಕು ಎಂದರು. ನನ್ನ ಮಟ್ಟಿಗೆ ನಮ್ಮ ಗಣರಾಜ್ಯದ ಅತಿ ಧೈರ್ಯದ ಮಾತು ಅದು, ಯಾಕೆಂದರೆ ಮೈಸೂರಿನ ಹಲವು ನಾಯಕರಿಗೇ ಈ ನಂಟು ಬೇಡವಾಗಿತ್ತು.

ಅದೇ 1953ರ ಡಿಸೆಂಬರಿನಲ್ಲಿ ರಾಜ್ಯಗಳ ಗೆರೆಗಳನ್ನು ಹೊಸದಾಗಿ ಎಳೆಯಲು ಫಜಲ್ ಅಲಿ ಆಯೋಗ ನೇಮಕವಾಯಿತು, 1955ರಲ್ಲಿ ಅದರ ವರದಿ. 1956ರ ನವೆಂಬರ್ 1ಕ್ಕೆ ಹೊಸ ಮೈಸೂರು ರಾಜ್ಯ! ಜತ್ತ, ಅಕ್ಕಲಕೋಟೆ, ಕಾಸರಗೋಡು ಮೊದಲಾದವು ಮಾತ್ರ ಹೊರಗೇ ಉಳಿದವು.

ಇನ್ನೊಂದು ಕೇಳಿ. 1978ರ ಸಂವಿಧಾನದ ಕೆಳಗೆ ಸ್ಪೇನಿನಲ್ಲಿ ಈಗಲೂ 17 ಸ್ವಾಯತ್ತ ಪ್ರಾಂತಗಳಿವೆ. ಪಿ ಇ ಮಾರ್ಗಲ್ ಕಾಲದ ಪಟ್ಟಿಯೇ ಅಲ್ಲ, ಸಂಖ್ಯೆ ಮಾತ್ರ ಅದೇ. ಅಧ್ಯಕ್ಷನ ಜಾಗದಲ್ಲಿ ಅರಸ! ನಮ್ಮಲ್ಲೋ? ಗಣರಾಜ್ಯವಾದ ಮೇಲೂ ಮೈಸೂರಿಗೆ ಮಹಾರಾಜ ಜಯಚಾಮರಾಜ ಒಡೆಯರೇ ರಾಜಪ್ರಮುಖರು, ಅಂದರೆ ರಾಜ್ಯದ ಮುಖ್ಯಸ್ಥರು. 1956ರಲ್ಲಿ ಆ ಹುದ್ದೆಯೇ ಹೋಯಿತು, ಅವರೇ ಹೊಸ ರಾಜ್ಯದ ರಾಜ್ಯಪಾಲರಾದರು. ಪಟವರ್ಧನರ ಕುಂದಗೋಳ, ನವಾಬರ ಸವಣೂರು, ಮುಂಬೈ ಪ್ರಾಂತದ ಧಾರವಾಡ, ಮೂರಕ್ಕೂ ರಾಷ್ಟ್ರಪತಿಗಳ ನೇಮಕದ ಮೇಲೆ ಬಂದ ಒಬ್ಬ ಮಹಾರಾಜ!